ಹಿಮ್ಮಡಿಯ ಒಂದು ಹನಿ ರಕ್ತ: ಯಾವುದಕ್ಕೆ ಹೂಂ ಅನ್ನಬೇಕು, ಏನನ್ನು ಕೇಳಬೇಕು

ಹೆರಿಗೆಯಾದ ಎರಡನೇ ದಿನವೋ ಮೂರನೇ ದಿನವೋ ಡಿಸ್ಚಾರ್ಜ್ ಕಾಗದಗಳ ಜೊತೆ ಒಂದು ಫಾರಂ ನಿಮ್ಮ ಕೈಗೆ ಬರಬಹುದು. ಮೇಲೆ 'ನ್ಯೂಬಾರ್ನ್ ಸ್ಕ್ರೀನಿಂಗ್' ಅಂತ ಬರೆದಿರುತ್ತದೆ, ಕೆಳಗೆ ಎರಡು ಮೂರು ಪ್ಯಾಕೇಜು. ಒಂದರಲ್ಲಿ ಐದಾರು ಕಾಯಿಲೆ, ಇನ್ನೊಂದರಲ್ಲಿ ಐವತ್ತು. ಆ ಹೊತ್ತಿಗೆ ಮನೆಯ ಗಂಡಸರು ಬಿಲ್ ಕೌಂಟರಿನ ಮುಂದೆ ನಿಂತಿರುತ್ತಾರೆ, ಹೊರಗೆ ಆಟೋ ಕಾಯುತ್ತಿರುತ್ತದೆ, ಬಾಣಂತಿ ಹೊಲಿಗೆ ನೋವಿನಲ್ಲಿರುತ್ತಾಳೆ. ಯಾರೋ ಸಹಿ ಹಾಕುತ್ತಾರೆ, ಅಥವಾ "ಬೇಡ ಬಿಡಿ, ಇದೆಲ್ಲ ದುಡ್ಡು ಮಾಡೋ ದಾರಿ" ಅಂತ ಫಾರಂ ವಾಪಸ್ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಾದರೆ ಆ ಫಾರಂ ಬರದೇ ಇರಲೂಬಹುದು. ಸಹಿ ಹಾಕಿದವರಿಗೂ ವಾಪಸ್ ಕೊಟ್ಟವರಿಗೂ ಅದರಲ್ಲಿ ಏನಿತ್ತು ಅಂತ ಹೇಳಿದವರು ಇರುವುದಿಲ್ಲ.

ನಾನು ಡಾಕ್ಟರಲ್ಲ, ಟೀಚರ್. ಆದರೆ ಈ ಫಾರಂನ ಫಲ ಐದಾರು ವರ್ಷದ ನಂತರ ಬಂದು ಕೂರುವುದು ನನ್ನಂಥವರ ಕ್ಲಾಸಿನಲ್ಲಿ. ಹಾಗಾಗಿ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದ ಅರ್ಥ. ಸ್ಕ್ರೀನಿಂಗ್ ಅಂದರೆ ಜರಡಿ ಹಿಡಿಯುವುದು. ರೋಗದ ಲಕ್ಷಣವೇ ಇಲ್ಲದ, ನೋಡಲು ಚೆನ್ನಾಗಿರುವ ಎಲ್ಲಾ ಮಕ್ಕಳನ್ನೂ ಒಂದೇ ಪರೀಕ್ಷೆಗೆ ಒಳಪಡಿಸಿ, ಅನುಮಾನ ಬಂದ ಕೆಲವರನ್ನು ಬೇರೆ ಮಾಡುವುದು. ಇದು ಅನುಮಾನ ಮಾತ್ರ. ರೋಗ ಇದೆಯೋ ಇಲ್ಲವೋ ಅಂತ ಹೇಳುವುದು ಆಮೇಲಿನ ಇನ್ನೊಂದು ಪರೀಕ್ಷೆ. ಈ ಎರಡನ್ನೂ ಒಂದೇ ಅಂದುಕೊಂಡಾಗ ಮನೆಯಲ್ಲಿ ಏನೇನಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ರಕ್ತದ ಪರೀಕ್ಷೆ ಮಾಡುವ ಕ್ರಮ ಸರಳ. ಮಗುವಿನ ಹಿಮ್ಮಡಿಯ ಪಕ್ಕದ ಭಾಗಕ್ಕೆ ಸಣ್ಣದಾಗಿ ಚುಚ್ಚಿ, ಬರುವ ಹನಿಗಳನ್ನು ದಪ್ಪ ಫಿಲ್ಟರ್ ಕಾಗದದ ಮೇಲಿನ ವೃತ್ತಗಳಿಗೆ ತುಂಬಿಸುತ್ತಾರೆ. ನೆರಳಲ್ಲಿ ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಈ ವಿಧಾನ ತಂದವರು ಅಮೆರಿಕದ ರಾಬರ್ಟ್ ಗಥ್ರಿ, 1960ರ ದಶಕದ ಶುರುವಿನಲ್ಲಿ. ಅವರ ಸ್ವಂತ ಮಗನಿಗೆ ಬುದ್ಧಿಮಾಂದ್ಯ ಇತ್ತು. ಅವರ ಸಂಬಂಧದ ಒಂದು ಹೆಣ್ಣುಮಗುವಿಗೆ ಫೀನೈಲ್‌ಕೀಟೋನೂರಿಯಾ ಅನ್ನುವ ಕಾಯಿಲೆ ತಡವಾಗಿ ಪತ್ತೆಯಾಗಿತ್ತು. ಆಹಾರದ ಪ್ರೋಟೀನಿನಲ್ಲಿರುವ ಒಂದು ಅಂಶ ದೇಹದಲ್ಲಿ ಕರಗದೆ ಮೆದುಳಿಗೆ ವಿಷವಾಗುವ ಕಾಯಿಲೆ ಅದು. ಮೊದಲ ವಾರಗಳಲ್ಲೇ ಗೊತ್ತಾಗಿ ಆಹಾರ ಬದಲಿಸಿದರೆ ಮಗು ಎಲ್ಲರಂತೆ ಬೆಳೆಯುತ್ತದೆ.

ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯವಾದದ್ದು ಥೈರಾಯಿಡ್. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಥೈರಾಯಿಡ್ ಗ್ರಂಥಿ ಇರುವುದಿಲ್ಲ, ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಐಸಿಎಂಆರ್ ದೇಶದ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ 1,130 ಮಕ್ಕಳಲ್ಲಿ ಒಂದಕ್ಕೆ ಈ ತೊಂದರೆ ಸಿಕ್ಕಿತು. ಅದಕ್ಕೂ ಮುಂಚೆ, ಇನ್ನೂ ಅವಿಭಜಿತ ಆಂಧ್ರಪ್ರದೇಶವಿದ್ದಾಗ, ಹೈದರಾಬಾದಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳ 18,300 ಶಿಶುಗಳನ್ನು ಪರೀಕ್ಷಿಸಿದ ವರದಿ 2004ರಲ್ಲಿ ಬಂತು. ಅದರಲ್ಲಿ 1,700ಕ್ಕೆ ಒಂದು.

ಇದರ ಕಷ್ಟ ಏನೆಂದರೆ, ಹುಟ್ಟಿದಾಗ ಏನೂ ಕಾಣಿಸುವುದಿಲ್ಲ. ತಾಯಿಯ ಹಾರ್ಮೋನು ಸ್ವಲ್ಪ ಮಟ್ಟಿಗೆ ಮಗುವನ್ನು ಕಾಪಾಡಿರುತ್ತದೆ. ಆಮೇಲೆ ನಿಧಾನಕ್ಕೆ ಶುರುವಾಗುತ್ತದೆ. ಮಗು ಹೆಚ್ಚು ಮಲಗುತ್ತದೆ, ಹಾಲಿಗೆ ಎಬ್ಬಿಸಬೇಕಾಗುತ್ತದೆ, ಕಾಮಾಲೆ ಬೇಗ ಹೋಗುವುದಿಲ್ಲ, ಮಲಬದ್ಧತೆ, ಅಳು ಒರಟು, ಹೊಕ್ಕುಳು ಉಬ್ಬಿರುತ್ತದೆ. ನೋಡಲು ಬಂದವರು ಏನಂತಾರೆ ಹೇಳಿ? "ಮಾಶಾ ಅಲ್ಲಾಹ್, ಎಷ್ಟು ಸಾಧು ಮಗು, ರಾತ್ರಿಯೆಲ್ಲ ನಿದ್ದೆ ಮಾಡ್ತದೆ!" ಆ ಸಾಧುತನದಲ್ಲೇ ಮೆದುಳು ಬೆಳೆಯಬೇಕಾದ ವಾರಗಳು ಕಳೆದುಹೋಗುತ್ತವೆ. ಮೊದಲ ಎರಡು ವಾರದೊಳಗೆ ಲಿವೋಥೈರಾಕ್ಸಿನ್ ಮಾತ್ರೆ ಶುರು ಮಾಡಿದರೆ ಮಗು ಉಳಿದ ಮಕ್ಕಳ ಹಾಗೇ ಓದುತ್ತದೆ, ಆಡುತ್ತದೆ. ಮಾತ್ರೆಯನ್ನು ಪುಡಿ ಮಾಡಿ ಒಂದು ಚಮಚ ಎದೆಹಾಲಿನಲ್ಲಿ ಕೊಡುವುದು, ಅಷ್ಟೇ. ಖರ್ಚು ದಿನಕ್ಕೆ ಕೆಲವೇ ರೂಪಾಯಿ. ಆರು ತಿಂಗಳೋ ವರ್ಷವೋ ತಡವಾದರೆ ಅದೇ ಮಾತ್ರೆ ದೇಹ ಬೆಳೆಸುತ್ತದೆ, ಕಳೆದುಹೋದ ಬುದ್ಧಿಶಕ್ತಿಯನ್ನು ಪೂರ್ತಿ ತಂದುಕೊಡುವುದಿಲ್ಲ. ಇಷ್ಟು ಅಗ್ಗದ ಔಷಧಿ, ಇಷ್ಟು ದೊಡ್ಡ ವ್ಯತ್ಯಾಸ. ಈ ಒಂದು ಪರೀಕ್ಷೆಯ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಫಾರಂ ಬರದಿದ್ದರೂ ನೀವೇ ಕೇಳಿ ಮಾಡಿಸಿ.

ರಕ್ತವೇ ಬೇಡದ ಎರಡು ಪರೀಕ್ಷೆಗಳೂ ಇವೆ. ಒಂದು ಹೃದಯಕ್ಕೆ: ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಹಾಕಿಕೊಂಡ ಆಕ್ಸಿಮೀಟರಿನ ಮಗುವಿನ ಆವೃತ್ತಿಯನ್ನು 24 ಗಂಟೆ ಕಳೆದ ಮೇಲೆ ಬಲಗೈಗೂ ಒಂದು ಕಾಲಿಗೂ ಹಾಕಿ ನೋಡುವುದು. 95ಕ್ಕಿಂತ ಕಡಿಮೆ ಬಂದರೆ, ಅಥವಾ ಕೈಗೂ ಕಾಲಿಗೂ ಹೆಚ್ಚು ವ್ಯತ್ಯಾಸ ಇದ್ದರೆ, ಮತ್ತೆ ನೋಡಿ ಹೃದಯ ತಜ್ಞರ ಹತ್ತಿರ ಕಳಿಸುತ್ತಾರೆ. ಐದು ನಿಮಿಷದ ಕೆಲಸ.

ಇನ್ನೊಂದು ಕಿವಿಗೆ. ಮಗು ಮಲಗಿರುವಾಗ ಕಿವಿಯಲ್ಲಿ ಸಣ್ಣ ಪ್ರೋಬ್ ಇಟ್ಟು ಸದ್ದು ಕಳಿಸಿ, ಒಳಗಿವಿ ಕೊಡುವ ಪ್ರತಿಧ್ವನಿ ಅಳೆಯುತ್ತಾರೆ. ಸಾವಿರಕ್ಕೆ ಒಂದರಿಂದ ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಕಿವುಡು ಇರುತ್ತದೆ. ನಮ್ಮ ಮನೆಗಳಲ್ಲಿ ಕಿವಿಯ ಪರೀಕ್ಷೆ ಅಂದರೆ ಹಿಂದೆ ನಿಂತು ಚಪ್ಪಾಳೆ ತಟ್ಟುವುದು, ತಟ್ಟೆ ಬಡಿಯುವುದು. ಮಗು ಬೆಚ್ಚಿದರೆ "ಕೇಳಿಸುತ್ತೆ". ಆದರೆ ಮಗು ಗಾಳಿಗೂ ಬೆಚ್ಚುತ್ತದೆ, ಮಂಚ ಅದುರಿದರೂ ಬೆಚ್ಚುತ್ತದೆ. ತಟ್ಟೆ ಸದ್ದು ಕೇಳಿಸಿ ಮಾತಿನ 'ಸ', 'ಶ', 'ಫ' ಕೇಳಿಸದ ಮಕ್ಕಳೂ ಇದ್ದಾರೆ. ಒಂದನೇ ಕ್ಲಾಸಿನಲ್ಲಿ ನನ್ನ ಹತ್ತಿರ ಬಂದ ಒಂದು ಹುಡುಗಿಯನ್ನು ಮನೆಯವರು ಮೊಂಡಿ ಅಂತಲೇ ಪರಿಚಯಿಸಿದ್ದರು. ಕರೆದರೆ ತಿರುಗುವುದಿಲ್ಲ, ಉರ್ದುವಿನಲ್ಲಾದರೂ ಕನ್ನಡದಲ್ಲಾದರೂ ಅಷ್ಟೇ. ಎರಡು ಭಾಷೆಯ ಮನೆಯಾದ್ದರಿಂದ ಮಾತು ತಡವಾಗಿದೆ ಅಂತ ಸಮಾಧಾನ ಬೇರೆ. ಕಿವಿಗೆ ಮಿಷನ್ ಹಾಕಿದ್ದು ಆರು ವರ್ಷ ತುಂಬಿದ ಮೇಲೆ. ಹುಟ್ಟಿದ ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಅಂತ ತಜ್ಞರ ಲೆಕ್ಕ ಇದೆ. ಆ ಹುಡುಗಿಗೆ ಆರು ತಿಂಗಳ ಬದಲು ಆರು ವರ್ಷ ಆಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಸ್ಪತ್ರೆಗಳಿಗೇ ಹೋಗಿ ಶಿಶುಗಳ ಕಿವಿ ಪರೀಕ್ಷೆ ಮಾಡುವ ಕೆಲಸ ಮಾಡುತ್ತಾ ಬಂದಿದೆ. ಆಂಧ್ರ, ತೆಲಂಗಾಣದವರಿಗೆ ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ.

ಜಿ6ಪಿಡಿ ಕೊರತೆ ಅನ್ನುವುದೂ ಆ ಪಟ್ಟಿಯಲ್ಲಿರುತ್ತದೆ, ಹೆಚ್ಚಾಗಿ ಗಂಡುಮಕ್ಕಳಲ್ಲಿ. ಇದಕ್ಕೆ ಔಷಧಿ ಬೇಡ, ಎಚ್ಚರ ಬೇಕು. ಕೆಲವು ಮಾತ್ರೆಗಳು, ಮುಖ್ಯವಾಗಿ ಮಲೇರಿಯಾದ ಪ್ರೈಮಾಕ್ವಿನ್, ಈ ಮಕ್ಕಳ ರಕ್ತ ಒಡೆಯುತ್ತವೆ. ನುಸಿಗುಳಿಗೆಯ ವಾಸನೆಯೂ ಹಾಗೇ. ಈಗ ನೆನಪು ಮಾಡಿಕೊಳ್ಳಿ: ದೊಡ್ಡ ಮಗುವಿನ ಕುಲಾವಿ, ಸ್ವೆಟರು, ಹಚಡ ಎಲ್ಲ ಯಾವ ಟ್ರಂಕಿನಲ್ಲಿ, ಏನು ಹಾಕಿ ಇಟ್ಟಿದ್ದೀರಿ? ಬಟ್ಟೆ ತೆಗೆದು ಒಗೆದು ಬಿಸಿಲಿಗೆ ಹಾಕಿದ ಮೇಲೇ ಹೊಸ ಮಗುವಿಗೆ ತೊಡಿಸಿ. ಇದಕ್ಕೆ ಯಾವ ರಿಪೋರ್ಟಿಗೂ ಕಾಯಬೇಕಿಲ್ಲ.

ಇಷ್ಟು ಓದಿ "ಹಾಗಾದ್ರೆ ಎಲ್ಲಾ ಮಾಡಿಸೋಣ" ಅನಿಸಿರಬಹುದು. ಸ್ವಲ್ಪ ತಡೆಯಿರಿ. ಟೀಚರ್ ಅಲ್ಲವಾ, ಒಂದು ಲೆಕ್ಕ ಕೊಡುತ್ತೇನೆ. ಹತ್ತು ಸಾವಿರ ಮಕ್ಕಳಿಗೆ ಥೈರಾಯಿಡ್ ಪರೀಕ್ಷೆ ಮಾಡಿದಿರಿ ಅಂದುಕೊಳ್ಳಿ. ಐಸಿಎಂಆರ್ ಲೆಕ್ಕದಲ್ಲಿ ಅವರಲ್ಲಿ ನಿಜವಾಗಿ ಕಾಯಿಲೆ ಇರುವವರು ಸುಮಾರು ಒಂಬತ್ತು. ಯಾರೂ ತಪ್ಪಿಹೋಗಬಾರದು ಅಂತ ಲ್ಯಾಬು ಜರಡಿಯ ಕಣ್ಣು ಸಣ್ಣದಿಟ್ಟು, ಉದಾಹರಣೆಗೆ, ನೂರಕ್ಕೆ ಒಬ್ಬರನ್ನು ವಾಪಸ್ ಕರೆಯಿತು ಅನ್ನಿ. ಅಂದರೆ ನೂರು ಮನೆಗೆ ಫೋನು ಹೋಯಿತು. ಅದರಲ್ಲಿ ತೊಂಬತ್ತೊಂದು ಮನೆಯ ಮಗುವಿಗೆ ಏನೂ ಇಲ್ಲ. ಪರೀಕ್ಷೆ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಆದರೆ ಫೋನು ಬಂದ ಮನೆಗೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ.

ನನ್ನ ಖಾಲಾ ಮಗಳ ಮನೆಯಲ್ಲಿ ಆದದ್ದು ಇದೇ. ಖಾಲು ರೈಲ್ವೆ ಕೆಲಸದಲ್ಲಿದ್ದುದರಿಂದ ಆ ಕುಟುಂಬ ಬಳ್ಳಾರಿ ಬಿಟ್ಟು ವಿಶಾಖಪಟ್ಟಣ ಸೇರಿ ಬಹಳ ವರ್ಷ ಆಯಿತು. ಮಗಳನ್ನು ಕೊಟ್ಟದ್ದು ವಿಜಯವಾಡಕ್ಕೆ. ಮೊದಲ ಹೆರಿಗೆ ತವರಿನಲ್ಲಿ, ವಿಶಾಖಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ನರ್ಸು "ಅಂದರೂ ಚೇಯಿಸ್ತಾರಮ್ಮಾ", ಎಲ್ಲರೂ ಮಾಡಿಸ್ತಾರಮ್ಮಾ ಅಂದದ್ದಕ್ಕೆ ಸಹಿ ಹಾಕಿದರು. ಮಾಮೂಲಿ ಹೆರಿಗೆ, ಬೇಗ ಮನೆಗೆ ಕಳಿಸಬೇಕು ಅಂತ ಮಗುವಿಗೆ ಒಂದು ದಿನ ತುಂಬುವ ಮುಂಚೆಯೇ ರಕ್ತ ತೆಗೆದರು. ಹುಟ್ಟಿದ ಮೊದಲ 24 ಗಂಟೆ ಎಲ್ಲಾ ಮಕ್ಕಳಲ್ಲೂ ಟಿಎಸ್ಎಚ್ ತಾನಾಗಿ ಏರಿರುತ್ತದೆ, ಆಮೇಲೆ ಇಳಿಯುತ್ತದೆ. ಅದಕ್ಕೇ 48ರಿಂದ 72 ಗಂಟೆಯ ನಡುವೆ ತೆಗೆಯುವುದು ಒಳ್ಳೆಯದು ಅನ್ನುತ್ತಾರೆ. ಆರನೇ ದಿನ ರಿಪೋರ್ಟು ಬಂತು, ಪಿಡಿಎಫ್, ವಾಟ್ಸಾಪಿನಲ್ಲಿ, ವಿಜಯವಾಡದಲ್ಲಿದ್ದ ಮಗುವಿನ ಅಬ್ಬಾನ ನಂಬರಿಗೆ. ಒಂದು ಸಾಲು ಕೆಂಪಕ್ಷರ. ಅವನು ಗಾಬರಿಯಲ್ಲಿ ಫ್ಯಾಮಿಲಿ ಗ್ರೂಪಿಗೆ ಹಾಕಿದ. ಮರುದಿನ ಅಕೀಖಾ. ಬಾಣಂತಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವಳ ಸಾಸ್ ಮಾತ್ರ ಫೋನಿನಲ್ಲಿ ಕೇಳಿದರು: "ನಿಮ್ಮ ಕಡೆ ಯಾರಿಗಾದ್ರೂ ಇತ್ತಾ?" ಹುಡುಗ ಬೆಳಗಿನ ರತ್ನಾಚಲ್ ಹತ್ತಿ ವಿಶಾಖಪಟ್ಟಣಕ್ಕೆ ಬಂದ. ಮತ್ತೆ ರಕ್ತ ಕೊಟ್ಟರು, ಎಲ್ಲ ಸರಿಯಾಗಿತ್ತು. ಮಗುವಿಗೆ ಏನೂ ಇಲ್ಲ ಅಂತ ಗೊತ್ತಾಗುವಷ್ಟರಲ್ಲಿ ತಾಯಿಯ ಹಾಲು ಅರ್ಧ ಆಗಿತ್ತು, ಮತ್ತು ಆ ಪ್ರಶ್ನೆ ಅವಳ ಮನಸ್ಸಿನಲ್ಲಿ ಇವತ್ತಿಗೂ ಕೂತಿದೆ.

ಇದನ್ನೇ ತಿರುಗಿಸಿ ನೋಡಿ. ಕಾಯಿಲೆ ನಿಜವಾಗಿ ಇದ್ದು, ಕೊಟ್ಟ ನಂಬರು ಸ್ವಿಚ್ ಆಫ್ ಆಗಿದ್ದರೆ? ನಮ್ಮಲ್ಲಿ ಹೆರಿಗೆ ಒಂದೂರು, ಚಿಲ್ಲಾ ಮುಗಿದ ಮೇಲೆ ಬಾಳುವುದು ಇನ್ನೊಂದೂರು. ಫಾರಂನಲ್ಲಿ ಅಪ್ಪನದೋ ಮಾವನದೋ ನಂಬರು, ಅವರು ಡ್ಯೂಟಿಯಲ್ಲೋ ಗಲ್ಫಿನಲ್ಲೋ. ವಿಶಾಖಪಟ್ಟಣದ ಲ್ಯಾಬಿನವರು ವಿಜಯವಾಡದ ಗಲ್ಲಿಯಲ್ಲಿ ಮಗುವನ್ನು ಹುಡುಕುತ್ತಾ ಬರುವುದಿಲ್ಲ. ಪರೀಕ್ಷೆ ಮಾಡಿಸಿ ಫಲಿತಾಂಶ ಕೈಸೇರದಿದ್ದರೆ ಮಾಡಿಸಿದ್ದೂ ಒಂದೇ, ಬಿಟ್ಟದ್ದೂ ಒಂದೇ. ನನ್ನ ಮಟ್ಟಿಗೆ ಈ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಈಗ ಐವತ್ತು ಕಾಯಿಲೆಯ ದೊಡ್ಡ ಪ್ಯಾಕೇಜು. ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿ ಅನ್ನುವ ಯಂತ್ರ ಅದೇ ಹನಿ ರಕ್ತದಲ್ಲಿ ಹತ್ತಾರು ಚಯಾಪಚಯ ದೋಷಗಳನ್ನು ಹುಡುಕುತ್ತದೆ. ಕೆಲವಕ್ಕೆ ಒಳ್ಳೆ ಚಿಕಿತ್ಸೆ ಇದೆ, ಕೆಲವಕ್ಕೆ ಇರುವ ವಿಶೇಷ ಹಾಲಿನಪುಡಿ ದುಬಾರಿ ಮತ್ತು ಎಲ್ಲ ಊರಲ್ಲಿ ಸಿಗುವುದಿಲ್ಲ, ಇನ್ನು ಕೆಲವಕ್ಕೆ ಸದ್ಯ ಏನೂ ಮಾಡುವಂತಿಲ್ಲ. ಬೇಗ ಗೊತ್ತಾಗುವುದೆಲ್ಲ ಒಳ್ಳೆಯದೇ ಅನ್ನುವ ನಂಬಿಕೆ ಜಪಾನಿನಲ್ಲಿ ಒಮ್ಮೆ ಸುಳ್ಳಾಯಿತು. ಅಲ್ಲಿ 1980ರ ದಶಕದಿಂದ ಆರು ತಿಂಗಳ ಶಿಶುಗಳ ಮೂತ್ರ ಪರೀಕ್ಷಿಸಿ ನ್ಯೂರೋಬ್ಲಾಸ್ಟೋಮಾ ಅನ್ನುವ ಗಡ್ಡೆಯನ್ನು ಹುಡುಕುತ್ತಿದ್ದರು. ಪತ್ತೆಯಾದ ಗಡ್ಡೆಗಳಲ್ಲಿ ಬಹಳಷ್ಟು ತಾವಾಗಿ ಕರಗಿಹೋಗುವಂಥವು. ಸಾವು ಕಡಿಮೆಯಾಗಲಿಲ್ಲ, ಬೇಡದ ಆಪರೇಷನ್, ಬೇಡದ ಕಿಮೋ ಮಾತ್ರ ಹೆಚ್ಚಾದವು. 2004ರಲ್ಲಿ ಆ ಕಾರ್ಯಕ್ರಮ ನಿಲ್ಲಿಸಿದರು.

ಹಾಗಂತ ದೊಡ್ಡ ಪ್ಯಾಕೇಜು ಯಾರಿಗೂ ಬೇಡ ಅಂತಲ್ಲ. ನಮ್ಮ ನಾಡಿನದೇ ಒಂದು ಪುಟ ಇದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಜೊತೆಗಾರರು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲ ದೋಷಗಳಿಗಾಗಿ ಪರೀಕ್ಷಿಸಿದರು. ಆಗ ತಂದೆತಾಯಿಯ ಮದುವೆಯ ವಿವರವನ್ನೂ ಕೇಳಿ ಬರೆದುಕೊಂಡರು. ಸರಿಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಿ. ಹಿಂದೂಗಳಲ್ಲಿ ಸೋದರಮಾವನ ಜೊತೆಗೂ ಆಗುತ್ತಿತ್ತು, ನಮ್ಮಲ್ಲಿ ಅದು ಹರಾಮ್, ಆದರೆ ಚಾಚಾ, ಮಾಮು, ಖಾಲಾ, ಫೂಫಿ ಮಕ್ಕಳ ನಡುವೆ ಧಾರಾಳ. ಕರಾವಳಿ ಆಂಧ್ರದಲ್ಲೂ ಮೇನರಿಕಂ ಅಂತ ಇದಕ್ಕೆ ಹೆಸರೇ ಇದೆ. ಆದ್ದರಿಂದ ಇದು ಒಂದು ಧರ್ಮದವರ ಸಮಸ್ಯೆ ಅಂತ ಯಾರಾದರೂ ಬೆರಳು ತೋರಿಸಿದರೆ ಒಪ್ಪಬೇಡಿ. ಅದೇ ರೀತಿ, ಇಲ್ಲವೇ ಇಲ್ಲ ಅಂತ ನಾವೂ ಮುಖ ತಿರುಗಿಸುವುದು ಬೇಡ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷದ ಒಂದೊಂದು ಪ್ರತಿ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಲ್ಲಿ ಹೀಗೆ ಇಬ್ಬರಿಗೂ ಒಂದೇ ದೋಷ ಸೇರುವುದು ಹೆಚ್ಚು. ಗಮನಿಸಿ: ಒಂದೊಂದು ಪ್ರತಿ ಇಬ್ಬರಿಂದಲೂ ಬರಬೇಕು. "ನಿಮ್ಮ ಕಡೆ ಯಾರಿಗಿತ್ತು" ಅಂತ ಸೊಸೆಯನ್ನು ಕೇಳುವವರು ಇದನ್ನು ಎರಡು ಸಲ ಓದಬೇಕು.

ನೀವು ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ, ಅಥವಾ ಮನೆತನದಲ್ಲಿ ಕಾರಣ ಗೊತ್ತಿಲ್ಲದೆ ಎಳೆ ಮಕ್ಕಳು ತೀರಿಕೊಂಡಿದ್ದರೆ, ಅಥವಾ ಮೊದಲ ಮಗುವಿಗೆ ಫಿಟ್ಸ್, ಬೆಳವಣಿಗೆ ತೊಂದರೆ ಇದ್ದರೆ, ದೊಡ್ಡ ಪರೀಕ್ಷೆಗೆ ಅರ್ಥ ಇದೆ. ಹೆರಿಗೆಗೆ ಮುಂಚೆಯೇ ಡಾಕ್ಟರಿಗೆ ಈ ವಿಷಯ ಮುಚ್ಚಿಡದೆ ಹೇಳಿ. ಇದ್ಯಾವುದೂ ಇಲ್ಲದ, ಕೈಯಲ್ಲಿ ದುಡ್ಡೂ ಬಿಗಿಯಾಗಿರುವ ಮನೆಯವರು ಥೈರಾಯಿಡ್, ಜಿ6ಪಿಡಿ, ಸಿಎಎಚ್ ಇರುವ ಸಣ್ಣ ಪ್ಯಾಕೇಜಿನ ಜೊತೆ ಕಿವಿ ಮತ್ತು ಆಕ್ಸಿಮೀಟರ್ ಮಾಡಿಸಿದರೆ ಮಗುವಿಗೆ ಅನ್ಯಾಯ ಮಾಡಿದಂತಾಗುವುದಿಲ್ಲ. ಸಾಲ ಮಾಡಿ ಐವತ್ತರ ಪಟ್ಟಿ ಮಾಡಿಸಬೇಕಾಗಿಲ್ಲ. ಸಿಎಎಚ್ ಅಂದರೆ ಅಡ್ರೀನಲ್ ಗ್ರಂಥಿಯ ದೋಷ. ಗಂಡುಮಗು ನೋಡಲು ಸರಿಯಾಗೇ ಇದ್ದು, ಎರಡು ಮೂರನೇ ವಾರದಲ್ಲಿ ವಾಂತಿಯಾಗಿ, ದೇಹದ ಉಪ್ಪು ಇಳಿದು ಸತ್ತೇ ಹೋಗಬಹುದು. ಅಪರೂಪ, ಆದರೆ ಚಿಕಿತ್ಸೆ ಇದೆ.

ಸಿಕಲ್ ಸೆಲ್ ಮಾತು ಬೇರೆ. ವಿಶಾಖಪಟ್ಟಣದಿಂದ ಘಾಟಿ ಹತ್ತಿದರೆ ಪಾಡೇರು, ಅರಕು, ಈಗ ಅಲ್ಲೂರಿ ಸೀತಾರಾಮರಾಜು ಜಿಲ್ಲೆ. ಅಲ್ಲಿನ ಆದಿವಾಸಿಗಳಲ್ಲಿ ಈ ರಕ್ತದ ಕಾಯಿಲೆ ಇದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್, 17 ರಾಜ್ಯಗಳಲ್ಲಿ 40 ವರ್ಷದವರೆಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿತು. ಕಾಯಿಲೆ ಇರುವ ಮಗು ಮೊದಲೇ ಗೊತ್ತಾದರೆ ಪೆನಿಸಿಲಿನ್, ಲಸಿಕೆಗಳಿಂದ ಜೀವ ಉಳಿಯುತ್ತದೆ. ಆದರೆ ಅದೇ ಪರೀಕ್ಷೆ ವಾಹಕರನ್ನೂ ತೋರಿಸುತ್ತದೆ. ಅವರಿಗೆ ಕಾಯಿಲೆ ಇಲ್ಲ, ಒಂದು ಪ್ರತಿ ಮಾತ್ರ. ಕಾಯಿಲೆ ಇರುವವರಿಗೂ ವಾಹಕರಿಗೂ ವ್ಯತ್ಯಾಸ ಗೊತ್ತಿಲ್ಲದ ಊರಿನಲ್ಲಿ ಹೆಣ್ಣುಮಗುವಿನ ಹೆಸರಿನ ಮುಂದೆ ಆ ಪದ ಬಿದ್ದರೆ ಇಪ್ಪತ್ತು ವರ್ಷದ ಮೇಲೆ ರಿಶ್ತಾ ಬರುವಾಗ ಏನಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ರಿಪೋರ್ಟು ಮಗುವಿನದು. ಮೊಹಲ್ಲಾದ್ದಲ್ಲ, ಫ್ಯಾಮಿಲಿ ಗ್ರೂಪಿನದೂ ಅಲ್ಲ. ಒಣಗಿದ ರಕ್ತದ ಕಾರ್ಡು ಏನಾಗುತ್ತದೆ ಅಂತ ಕೇಳುವ ಹಕ್ಕೂ ನಿಮಗಿದೆ. ಅಮೆರಿಕದ ಟೆಕ್ಸಾಸಿನಲ್ಲಿ ಪೋಷಕರನ್ನು ಕೇಳದೆ ಇಟ್ಟುಕೊಂಡಿದ್ದ 50 ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ಕೋರ್ಟಿಗೆ ಹೋದ ಮೇಲೆ ನಾಶ ಮಾಡಬೇಕಾಯಿತು.

ಸರ್ಕಾರ ಏನು ಮಾಡುತ್ತಿದೆ? ಗೋವಾ 2008ರಲ್ಲೇ ಇಡೀ ರಾಜ್ಯಕ್ಕೆ ರಕ್ತ ಪರೀಕ್ಷೆ ತಂದಿತು, ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲೂ ಬಂತು. ದೇಶಕ್ಕೆಲ್ಲ ಇರುವುದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹೆರಿಗೆಯಾದ ಆಸ್ಪತ್ರೆಯಲ್ಲೇ ಶಿಶುವನ್ನು ತಲೆಯಿಂದ ಪಾದದವರೆಗೆ ನೋಡಬೇಕು, ಆಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ನೋಡಬೇಕು, ಸೀಳುತುಟಿ, ಸೊಟ್ಟಪಾದ, ಕಣ್ಣಿನ ಪೊರೆ, ಹೃದಯ, ಕಿವಿ ಹೀಗೆ 30 ತೊಂದರೆಗಳ ಪಟ್ಟಿ. ಇದು ಉಚಿತ, ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆಯೂ ಇದೆ. ಆದರೆ ಆ ಪಟ್ಟಿಯಲ್ಲಿ ಥೈರಾಯಿಡನ್ನು 'ಐಚ್ಛಿಕ' ಅಂತ ಬಿಟ್ಟಿದ್ದಾರೆ. ಅತ್ಯಂತ ಅಗ್ಗದ ಮಾತ್ರೆಯಿಂದ ಅತ್ಯಂತ ದೊಡ್ಡ ಹಾನಿ ತಪ್ಪಿಸುವ ಪರೀಕ್ಷೆಯೇ ರಾಜ್ಯದ ಇಷ್ಟಕ್ಕೆ ಬಿಟ್ಟದ್ದು. ಇದು ನನಗೆ ಸರಿ ಕಾಣುವುದಿಲ್ಲ.

ವಿಶಾಖಪಟ್ಟಣದ ಸರ್ಕಾರಿ ವಿಕ್ಟೋರಿಯಾ ಆಸ್ಪತ್ರೆಯನ್ನು ಜನ ಈಗಲೂ ಘೋಷಾ ಆಸ್ಪತ್ರೆ ಅನ್ನುತ್ತಾರೆ. ನಮ್ಮ ಬೆಂಗಳೂರಿನ ಶಿವಾಜಿನಗರದಲ್ಲೂ ಒಂದು ಗೋಷಾ ಆಸ್ಪತ್ರೆ ಇದೆ. ಗೋಷಾ ಅಂದರೆ ಮೂಲೆ, ಪರದೆಯ ಮರೆ. ಪರದೆಯ ಹೆಂಗಸರೂ ಹೆರಿಗೆಗೆ ಬರಲಿ ಅಂತ ಬಂದ ಹೆಸರು. ಹೆಂಗಸರು ಬಂದರು, ಆದರೆ ಕೌಂಟರಿನ ಫಾರಂಗೆ ಸಹಿ ಮಾತ್ರ ಇಂದಿಗೂ ಹೆಚ್ಚಾಗಿ ಹೊರಗೆ ನಿಂತವರದೇ.

ಹಾಗಾಗಿ ಏಳನೇ ತಿಂಗಳಲ್ಲೇ, ನೋವು ಶುರುವಾಗುವ ಮುಂಚೆ, ಇಬ್ಬರೂ ಕೂತು ಮಾತಾಡಿ. ಆಸ್ಪತ್ರೆಯಲ್ಲಿ ಕೇಳಿ: ರಕ್ತ ಎಷ್ಟು ಗಂಟೆಗೆ ತೆಗೀತೀರಿ? ರಿಪೋರ್ಟು ಎಷ್ಟು ದಿನಕ್ಕೆ, ಯಾರು ಫೋನ್ ಮಾಡ್ತೀರಿ? ಅನುಮಾನ ಬಂದರೆ ಎರಡನೇ ಪರೀಕ್ಷೆ ಎಲ್ಲಿ, ಅದರ ದುಡ್ಡು ಇದರಲ್ಲೇ ಸೇರಿದೆಯಾ? 24 ಗಂಟೆಗೆ ಮುಂಚೆ ಮನೆಗೆ ಕಳಿಸುವುದಾದರೆ, ಎರಡು ದಿನ ಬಿಟ್ಟು ಮಗುವನ್ನು ಕರೆತರುತ್ತೇವೆ, ಆಗ ತೆಗೆಯಿರಿ ಅನ್ನಿ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಕೆಲವು ವಾರದ ನಂತರ ಇನ್ನೊಮ್ಮೆ ಪರೀಕ್ಷೆ ಬೇಕಾ ಅಂತ ಕೇಳಿ. ಹತ್ತು ದಿನವಾದರೂ ಫೋನು ಬರದಿದ್ದರೆ ಎಲ್ಲ ಸರಿಯಿದೆ ಅಂದುಕೊಳ್ಳದೆ ನೀವೇ ಫೋನ್ ಮಾಡಿ. ಫಾರಂನಲ್ಲಿ ಎರಡು ನಂಬರು ಬರೆಯಿರಿ, ಮೊದಲನೆಯದು ಮಗುವಿನ ತಾಯಿಯದು, ಎರಡನೆಯದು ಚಿಲ್ಲಾ ಮುಗಿದ ಮೇಲೆ ಮಗು ಇರುವ ಮನೆಯದು.